21 ಮಿಲಿಸೆಕೆಂಡಿನ ಕಾವಲು

ಯಂತ್ರಗಳು ತಮ್ಮಷ್ಟಕ್ಕೆ ಬರೆದಿಡುವ ಸಾಲುಗಳಲ್ಲಿ ನನಗೆ ತುಂಬ ಇಷ್ಟವಾದದ್ದೊಂದಿದೆ. ಮನೆಯ ಸ್ಟೋರೇಜ್ ಸರ್ವರಿನ ಕ್ಯಾಶ್ ಡ್ರೈವಿನಲ್ಲಿ ಏನಾದರೂ ಕೆಟ್ಟಿದ್ದರೆ ಮಾತ್ರ ಅದು ಲಾಗ್‌ನಲ್ಲಿ ಕಾಣುತ್ತದೆ. ಕನ್ನಡಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಹೀಗೆ: ಚೆಕ್‌ಸಮ್ ತಾಳೆಯಾಗಲಿಲ್ಲ, ಇನೋಡ್ ಸಂಖ್ಯೆ (ಕಡತದ ಗುರುತು) ಇಂಥದ್ದು, ಕಡತದ ಮೊದಲಿನಿಂದ ಇಷ್ಟನೇ ಬೈಟಿನಲ್ಲಿ, ಸಿಕ್ಕಿದ್ದು ಈ ಸಂಖ್ಯೆ, ಇರಬೇಕಾದದ್ದು ಆ ಸಂಖ್ಯೆ, ಮಿರರ್ 1. ಅಷ್ಟೇ. ಏನು ತಪ್ಪಿದೆ, ಎಲ್ಲಿ ತಪ್ಪಿದೆ, ಎಷ್ಟು ತಪ್ಪಿದೆ, ಎರಡು ಪ್ರತಿಗಳಲ್ಲಿ ಯಾವುದು ತಪ್ಪಿದೆ, ಎಲ್ಲವೂ ಒಂದೇ ಸಾಲಿನಲ್ಲಿ. ದೂರು ಕೊಡುವವರು ಇಷ್ಟು ಖಚಿತವಾಗಿ ಮಾತಾಡುವುದನ್ನು ನಾನು ಮನುಷ್ಯರಲ್ಲಿ ಕಂಡದ್ದು ಕಡಿಮೆ. ಮೊದಲ ಸಲ ಈ ಸಾಲನ್ನು ನೋಡಿದವರಿಗೆ ಎದೆ ಧಸಕ್ಕೆನ್ನುವುದು ಸಹಜ. ನಿಧಾನವಾಗಿ ಓದಿದರೆ ಅದರ ಚೆಲುವು ಗೊತ್ತಾಗುತ್ತದೆ.

ಚಳ್ಳಕೆರೆಯ ಶೇಂಗಾ ಮಂಡಿಯನ್ನು ಕಂಡವರಿಗೆ ಕ್ಯಾಶ್ ಡ್ರೈವ್ ಏನೆಂದು ತಿಳಿಸುವುದು ಸುಲಭ. ಹಳ್ಳಿಯಿಂದ ಬಂದ ಚೀಲಗಳು ಮೊದಲು ಅಂಗಡಿ ಮುಂದಿನ ಕಟ್ಟೆಯ ಮೇಲೆ ಇಳಿಯುತ್ತವೆ. ತಂದವನು ಕಾಯಬೇಕಿಲ್ಲ, ಇಳಿಸಿ ಹೊರಡುತ್ತಾನೆ. ಗೋದಾಮಿಗೆ ಸಾಗಿಸುವ ಕೆಲಸ ಆಮೇಲೆ, ಬಿಡುವಾದಾಗ. ಮನೆಯ ಸರ್ವರಿನಲ್ಲಿ ಆ ಕಟ್ಟೆಯ ಜಾಗದಲ್ಲಿರುವುದು ಎರಡು ವೇಗದ ಎಸ್‌ಎಸ್‌ಡಿಗಳು. ಗೋದಾಮಿನ ಜಾಗದಲ್ಲಿ ದೊಡ್ಡ, ನಿಧಾನದ ಹಾರ್ಡ್ ಡಿಸ್ಕುಗಳು. ಫೋನಿನಿಂದ, ಲ್ಯಾಪ್‌ಟಾಪಿನಿಂದ ಬಂದದ್ದೆಲ್ಲ ಮೊದಲು ಎಸ್‌ಎಸ್‌ಡಿಯ ಮೇಲೆ ಕೂರುತ್ತದೆ. ಮನೆಯವರು ಮಲಗಿದ ಮೇಲೆ ಮೂವರ್ ಎಂಬ ಪುಟ್ಟ ಪ್ರೋಗ್ರಾಮು ಅದನ್ನು ದೊಡ್ಡ ಡಿಸ್ಕಿಗೆ ಸಾಗಿಸುತ್ತದೆ. ಹೀಗಾಗಿ ಇನ್ನೂ ಎಲ್ಲೂ ಬ್ಯಾಕಪ್ ಆಗದ, ಇವತ್ತಷ್ಟೇ ಹುಟ್ಟಿದ ಕಡತಗಳು ಇರುವುದು ಕ್ಯಾಶ್ ಡ್ರೈವಿನಲ್ಲೇ. ಸರ್ವರಿನಲ್ಲಿ ಅತ್ಯಂತ ಎಳೆಯದೂ ನಾಜೂಕಾದದ್ದೂ ಆದ ಜಾಗ ಅದು. ಅದಕ್ಕೇ ಅಲ್ಲಿ ಒಂದರ ಬದಲು ಎರಡು ಡ್ರೈವ್ ಹಾಕಿ, ಬರೆದದ್ದನ್ನೆಲ್ಲ ಎರಡರಲ್ಲೂ ಬರೆಸುತ್ತೇವೆ.

ಚಳ್ಳಕೆರೆಯಂಥ ಊರಿನಲ್ಲಿ ಮನೆಯೊಳಗೇ ಒಂದು ಸರ್ವರ್ ಇಟ್ಟುಕೊಳ್ಳುವುದು ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಗುಂಡು, ಗುಡ್ಡ, ಹಟ್ಟಿ, ಜಾತ್ರೆ ಎಂದು ಅಲೆದು ಬಂದರೆ ಸಂಜೆಗೆ ಕೈಯಲ್ಲಿ ರಾಶಿ ಕಡತಗಳಿರುತ್ತವೆ. ಶಾಸನದ ಒಂದೊಂದು ಮೂಲೆಯ ಚಿತ್ರ, ನಾಯಕನಹಟ್ಟಿ ತೇರಿನ ವಿಡಿಯೊ, ಗೊಲ್ಲರಹಟ್ಟಿಯ ಅಜ್ಜಿಯರು ಹಾಡಿದ ಪದಗಳ ಧ್ವನಿಮುದ್ರಣ. ಕುಗ್ಗಿಸದೆ, ಮೂಲದಲ್ಲಿ ಹೇಗಿದೆಯೋ ಹಾಗೇ ಉಳಿಸಬೇಕಾದ ಸರಕು ಇದು. ಇದೇ ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿ ಓದುಬರಹ ಕಲಿತವರಲ್ಲ. ಸಾವಿರಾರು ಹಾಡುಗಳು ಅವರ ನೆನಪಿನಲ್ಲೇ ಇದ್ದವು. ಅಂಥ ನೆನಪಿಗೆ ನಕಲು ಮಾಡಿಕೊಳ್ಳಲು ಬರುವುದಿಲ್ಲ. ಹಾಡಿದವರು ಹೋದ ಮೇಲೆ ಉಳಿಯುವುದು ಮುದ್ರಿಸಿಕೊಂಡದ್ದು ಮಾತ್ರ. ಅದರ ಒಂದು ಉಸಿರೂ ಕೆಡಬಾರದು ಎನ್ನುವ ಆಸೆ ನನಗೆ ಅತಿಯೆನಿಸುವುದಿಲ್ಲ.

ಒಂದು ಉಸಿರು ಎಂದೆ. ಯಂತ್ರದ ಕಾವಲು ಅದಕ್ಕಿಂತ ಸೂಕ್ಷ್ಮ. ನನ್ನ ಕ್ಯಾಶ್ ಡ್ರೈವಿನಲ್ಲಿರುವುದು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ. ಕ್ರಿಸ್ ಮೇಸನ್ 2007ರಲ್ಲಿ ಆರಂಭಿಸಿದ್ದು, 2009ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿದ್ದು. ಅದು ಪ್ರತಿ ಕಡತವನ್ನೂ 4,096 ಬೈಟ್‌ಗಳ ತುಂಡುಗಳಾಗಿ ನೋಡುತ್ತದೆ. ತುಂಡೊಂದಕ್ಕೆ 4 ಬೈಟಿನ ಒಂದು ಚೆಕ್‌ಸಮ್ ಲೆಕ್ಕ ಹಾಕಿ, ಅದನ್ನು ಆ ತುಂಡಿನ ಪಕ್ಕದಲ್ಲಿಡದೆ ಬೇರೆಯೇ ಒಂದು ಪಟ್ಟಿಯಲ್ಲಿ ಇಡುತ್ತದೆ. ಈಗ ಹಾಡಿನ ಲೆಕ್ಕ ನೋಡಿ. ಸೆಕೆಂಡಿಗೆ 48,000 ಮಾದರಿ, ಎರಡು ಚಾನೆಲ್, ಒಂದೊಂದಕ್ಕೆ 16 ಬಿಟ್ ಎಂದರೆ ಪ್ರತಿ ಕ್ಷಣಕ್ಕೆ 4 ಬೈಟ್. 4,096 ಬೈಟಿನಲ್ಲಿ ಅಂಥ 1,024 ಕ್ಷಣಗಳು, ಕಾಲದಲ್ಲಿ ಅಳೆದರೆ ಸುಮಾರು 21 ಮಿಲಿಸೆಕೆಂಡು. ಅಜ್ಜಿಯ ಬಾಯಿಂದ ಒಂದು ಅಕ್ಷರ ಪೂರ್ತಿ ಹೊರಬೀಳಲೂ ಅದು ಸಾಲದು. ಒಂದು ಗಂಟೆಯ ಹಾಡಿಗೆ 1,68,750 ತುಂಡುಗಳು. ಒಂದೊಂದಕ್ಕೂ ಅದರದೇ ಕಾವಲುಗಾರ. ಕಾವಲಿಗೆ ತಗಲುವ ಜಾಗ ಹಾಡಿನ ಸಾವಿರದ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು.

ಆ ಕಾವಲುಗಾರನ ಲೆಕ್ಕವೂ ಸೊಗಸಾದದ್ದು. ಅದರ ಹೆಸರು ಸಿಆರ್‌ಸಿ. ಡಬ್ಲ್ಯೂ. ವೆಸ್ಲಿ ಪೀಟರ್‌ಸನ್ 1961ರಲ್ಲಿ ಪ್ರಕಟಿಸಿದ ವಿಧಾನ. ಇಡೀ ತುಂಡನ್ನು ಒಂದು ಉದ್ದನೆಯ ಸಂಖ್ಯೆಯೆಂಬಂತೆ ತೆಗೆದುಕೊಂಡು, ಮೊದಲೇ ಆರಿಸಿಟ್ಟ ಭಾಜಕದಿಂದ ಭಾಗಿಸಿ, ಭಾಗಲಬ್ಧವನ್ನು ಬಿಸಾಡಿ ಶೇಷವನ್ನು ಮಾತ್ರ ಇಟ್ಟುಕೊಳ್ಳುವುದು. ಶಾಲೆಯಲ್ಲಿ ಭಾಗಾಕಾರ ಮಾಡುವಾಗ ಮೂಲೆಯಲ್ಲಿ ಉಳಿಯುತ್ತಿದ್ದ ಆ ಶೇಷಕ್ಕೆ ಇಷ್ಟು ದೊಡ್ಡ ಕೆಲಸ ಸಿಕ್ಕೀತೆಂದು ಯಾರು ಎಣಿಸಿದ್ದರು! ಬಿಟಿಆರ್‌ಎಫ್‌ಎಸ್ ಬಳಸುವ ಭಾಜಕವನ್ನು ಕ್ಯಾಸ್ಟಾಗ್ನೋಲಿ ಮತ್ತು ಸಂಗಡಿಗರು 1993ರಲ್ಲಿ ಹುಡುಕಿ ಕೊಟ್ಟರು. ಆ ಶೇಷಕ್ಕೆ ಸಾಧ್ಯವಿರುವ ಬೆಲೆಗಳು 4,29,49,67,296. ತುಂಡಿನ 32,768 ಬಿಟ್‌ಗಳಲ್ಲಿ ಒಂದೇ ಒಂದು ತಿರುಗಿದರೂ ಶೇಷ ಬದಲಾಗಲೇಬೇಕು. ಇಲ್ಲಿ ಸಂಭವನೀಯತೆಯ ಮಾತೇ ಇಲ್ಲ, ಗಣಿತದ ಖಾತರಿ. ಅಕ್ಕಪಕ್ಕದ 32 ಬಿಟ್‌ಗಳ ಒಳಗೆ ಎಷ್ಟು ಕೆಟ್ಟರೂ ಇದೇ ಖಾತರಿ.

ತಿರುಗಿದ ಆ ಬಿಟ್ ಮಾದರಿಯ ಕೊಟ್ಟಕೊನೆಯದಾಗಿದ್ದರೆ ಯಾವ ಕಿವಿಗೂ ಕೇಳಿಸದು. ಮೊದಲನೆಯದಾಗಿದ್ದರೆ ಹಾಡಿನ ನಡುವೆ ‘ಟಿಕ್’ ಎಂದೀತು. ಫೈಲ್ ಸಿಸ್ಟಂ ಈ ಎರಡರ ನಡುವೆ ಭೇದ ಮಾಡುವುದಿಲ್ಲ. ಕೇಳುವವನಿಗೆ ಗೊತ್ತಾಗದ ಲೋಪವೂ ಅದಕ್ಕೆ ಲೋಪವೇ. ನನ್ನನ್ನು ಅತಿ ಹೆಚ್ಚು ಸೆಳೆದ ಗುಣವೊಂದು ಇನ್ನೂ ಇದೆ. ಇರುವ ಎರಡು ಪ್ರತಿಯೂ ಕೆಟ್ಟಿವೆ ಎಂದು ಖಚಿತವಾದರೆ ಅದು ಆ ತುಂಡನ್ನು ಕೊಡುವುದಿಲ್ಲ. ಕೆಟ್ಟದ್ದನ್ನು ಒಳ್ಳೆಯದೆಂದು ದಾಟಿಸುವ ಬದಲು ‘ಓದಲಾಗಲಿಲ್ಲ’ ಎಂದು ನಿಂತುಬಿಡುತ್ತದೆ. ಬಳಸುವವನಿಗೆ ಆ ಕ್ಷಣ ಕಿರಿಕಿರಿಯಾಗುತ್ತದೆ. ಆದರೂ ಯಂತ್ರವೊಂದರಿಂದ ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ನಾನು ನಿರೀಕ್ಷಿಸಲಾರೆ.

ಎರಡು ಪ್ರತಿಗಳಿದ್ದರೆ ಸಾಕಲ್ಲ, ಈ ಶೇಷದ ಲೆಕ್ಕ ಯಾಕೆ ಎನ್ನಬಹುದು. ಸಾಲದು. ಒಂದು ಪ್ರತಿ ‘ಹೌದು’ ಎಂದು, ಇನ್ನೊಂದು ‘ಅಲ್ಲ’ ಎಂದರೆ ಯಾರನ್ನು ನಂಬುವುದು? ಚೆಕ್‌ಸಮ್ ಇಲ್ಲದ ಹಳೆಯ ಬಗೆಯ ಮಿರರ್ ಜೋಡಿಗಳಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ವ್ಯತ್ಯಾಸವಿದೆ ಎಂದಷ್ಟೇ ಹೇಳಬಲ್ಲವು. ಸರಿ ಯಾವುದೆಂದು ಹೇಳಲಾರವು. ಈ ಕಷ್ಟದ ಒಂದು ಬಹಳ ಹಳೆಯ ಉದಾಹರಣೆ ಕಲ್ಲಿನ ಮೇಲೆ ನಮ್ಮ ಪಕ್ಕದಲ್ಲೇ ಇದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಒಂದರಿಂದೊಂದು ಕೆಲವೇ ಕಿಲೋಮೀಟರ್ ದೂರದ ಜಾಗಗಳು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನ ಒಂದೇ ಸಂದೇಶವನ್ನು ಈ ಮೂರು ಕಡೆಯೂ ಕಲ್ಲಿನ ಮೇಲೆ ಕೆತ್ತಿಸಲಾಯಿತು. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಸಂದೇಶ ಅದು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬ ಸರಳ ಮಾತುಗಳು. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಹಾಕಿದ್ದಾನೆ. ಶಾಸನವೆಲ್ಲ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರನೆಂದು ಹೇಳುವ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಗಡಿಯ ಲಿಪಿ. ಅಷ್ಟು ದೂರದ ಕೈಬರಹ ನಮ್ಮ ಬಯಲುಸೀಮೆಯ ಗುಂಡಿನ ಮೇಲೆ ಇರುವುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಇವನ್ನು ಪತ್ತೆ ಮಾಡಿದಾಗ ಮೂರೂ ಒಂದೇ ಸ್ಥಿತಿಯಲ್ಲಿರಲಿಲ್ಲ. ಬ್ರಹ್ಮಗಿರಿಯ ಕಲ್ಲನ್ನು ಊರವರು ಅಕ್ಷರಗುಂಡು ಎನ್ನುತ್ತಿದ್ದರು. 13 ಸಾಲಿನ ಬರಹ, ಮೂರರಲ್ಲಿ ಚೆನ್ನಾಗಿ ಉಳಿದದ್ದು ಅದೇ. ಜಟಿಂಗರಾಮೇಶ್ವರದ ಕಲ್ಲಿಗೆ ಬಳೆಗಾರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದ ಜಾಗ. ದೇವಸ್ಥಾನಕ್ಕೆ ಹತ್ತುವ ಜನ, ಬಳೆ ಕೊಳ್ಳುವ ಜನ, ಶತಮಾನಗಳ ಓಡಾಟ; ಅಕ್ಷರಗಳು ಬಹಳ ಸವೆದಿವೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಓದುವವರಿಲ್ಲದಾಗ ಕಲ್ಲು ಬದುಕಿಗೆ ಬಳಕೆಯಾಯಿತು. ಶಾಸನತಜ್ಞರು ಮಾಡಿದ್ದಿಷ್ಟು: ಒಂದು ಕಡೆ ಅಳಿಸಿದ ಅಕ್ಷರವನ್ನು ಇನ್ನೊಂದು ಕಡೆಯ ಪಾಠದಿಂದ ತುಂಬಿದರು. ಹುಲ್ಟ್ಶ್ 1925ರಲ್ಲಿ ಅಶೋಕನ ಶಾಸನಗಳ ಸಂಪುಟ ಹೊರತಂದಾಗ ಮೂರು ಪಾಠಗಳೂ ಅದರಲ್ಲಿ ಬೇರೆಬೇರೆಯಾಗಿ ಇದ್ದವು. ಮೂರು ಪ್ರತಿಗಳಿದ್ದರೆ ಎರಡರ ಮಾತು ಒಂದಾದಾಗ ಬಹುಮತ ಸಿಗುತ್ತದೆ. ಮೂರನೆಯದು ಸವೆದು, ಉಳಿದೆರಡು ಬೇರೆಬೇರೆ ಹೇಳಿದರೆ ವಿದ್ವಾಂಸನ ವಿವೇಕವೇ ಗತಿ.

ಇದೇ ಸಂದೇಶದಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಬ್ರಹ್ಮಗಿರಿಯಲ್ಲಿ ಅದು ಇನ್ನೂರು, ಐವತ್ತು, ಆರು ಎಂಬ ಮೂರು ಗುರುತುಗಳಲ್ಲಿದೆ. ಬಿಹಾರದ ಸಹಸ್ರಾಮದ ಕಲ್ಲಿನಲ್ಲಿ ಅದೇ ಸಂಖ್ಯೆ ಅಕ್ಷರದಲ್ಲೂ ಇದೆ, ಅಂಕಿಯಲ್ಲೂ ಇದೆ. ಆ ಸಂಖ್ಯೆ ಏನನ್ನು ಎಣಿಸುತ್ತದೆ ಎಂಬ ಬಗ್ಗೆ ವಿದ್ವಾಂಸರು ನೂರು ವರ್ಷ ವಾದಿಸಿದ್ದಾರೆ. ಆದರೆ ಸಂಖ್ಯೆ 256 ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಯಾಕೆಂದರೆ ಸಹಸ್ರಾಮದಲ್ಲಿ ಅಂಕಿ ಮುಕ್ಕಾದರೆ ಅಕ್ಷರ ಸಾಕ್ಷಿ ಹೇಳುತ್ತದೆ, ಅಕ್ಷರ ಮುಕ್ಕಾದರೆ ಅಂಕಿ. ಒಂದು ಬೈಟ್ ತೋರಬಲ್ಲ ಬೆಲೆಗಳೂ 256ಯೇ. ಇದು ಬರಿಯ ಕಾಕತಾಳೀಯ, ಆದರೂ ಬ್ರಹ್ಮಗಿರಿಯ ಚಿತ್ರಗಳನ್ನು ಸರ್ವರಿಗೆ ಹಾಕುವಾಗ ನನಗೆ ಅದು ನೆನಪಾಗದೆ ಇರದು.

ಕಳೆದ ಬೇಸಿಗೆಯಲ್ಲಿ ಆ ಚಿತ್ರಗಳಿದ್ದ ಕ್ಯಾಶ್‌ನಲ್ಲೇ ಚೆಕ್‌ಸಮ್ ಸಾಲುಗಳು ಕಾಣಿಸಿಕೊಂಡವು. ಇಲ್ಲಿಂದ ಮುಂದಿನದು ಪತ್ತೇದಾರಿಕೆ, ಮತ್ತು ಅದರದೇ ಒಂದು ರುಚಿಯಿದೆ. ಬಿಟಿಆರ್‌ಎಫ್‌ಎಸ್ ಪ್ರತಿ ಡ್ರೈವಿಗೂ ಐದು ಎಣಿಕೆಗಳನ್ನು ಇಟ್ಟಿರುತ್ತದೆ: ಬರೆಯುವಾಗ ಆದ ತೊಂದರೆ, ಓದುವಾಗ ಆದದ್ದು, ಬರೆದದ್ದನ್ನು ಡಿಸ್ಕಿಗೆ ಗಟ್ಟಿಯಾಗಿ ಇಳಿಸುವಾಗ ಆದದ್ದು, ಚೆಕ್‌ಸಮ್ ತಾಳೆಯಾಗದ್ದು, ಪೀಳಿಗೆಯ ಸಂಖ್ಯೆ (ಬರೆದ ಸುತ್ತಿನ ಕ್ರಮಸಂಖ್ಯೆ) ತಾಳೆಯಾಗದ್ದು. ಐದೂ ಸೊನ್ನೆಯಿರಬೇಕು. ಯಾವುದು ಸೊನ್ನೆಯಿಲ್ಲ, ಯಾವ ಡ್ರೈವಿನಲ್ಲಿ ಇಲ್ಲ ಎಂಬುದರಲ್ಲೇ ರೋಗದ ಹೆಸರಿದೆ. ಎರಡೂ ಡ್ರೈವಿನಲ್ಲಿ ಚೆಕ್‌ಸಮ್ ತಪ್ಪುಗಳು ಮಾತ್ರ ಏರುತ್ತಿದ್ದು, ಓದು ಬರಹದ ತೊಂದರೆ ಒಂದೂ ಇಲ್ಲದಿದ್ದರೆ ಡ್ರೈವುಗಳನ್ನು ಬಿಟ್ಟು ರ‍್ಯಾಮ್ ಕಡೆ ನೋಡಬೇಕು. ಡಿಸ್ಕಿಗೆ ಇಳಿಯುವ ಮೊದಲೇ ಮೆಮೊರಿಯಲ್ಲಿ ಬಿಟ್ ತಿರುಗುತ್ತಿರಬಹುದು. ಆಗ ಸರ್ವರನ್ನು ನಿಲ್ಲಿಸಿ ರಾತ್ರಿಯಿಡೀ ಮೆಮೊರಿ ಪರೀಕ್ಷೆಯ ಮೆಮ್‌ಟೆಸ್ಟ್ ಓಡಿಸುವುದು ಮೊದಲ ಕೆಲಸ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ರಿಪೇರಿಗೆ ಇಳಿದರೆ ರಿಪೇರಿ ಮಾಡುವ ಕೈಯೇ ನಡುಗುತ್ತಿರುತ್ತದೆ.

ನನ್ನಲ್ಲಿ ಎರಡನೆಯ ಡ್ರೈವ್ ಅಚ್ಚುಕಟ್ಟಾಗಿ ಐದು ಸೊನ್ನೆ ತೋರಿಸಿತು. ಮೊದಲನೆಯದರಲ್ಲಿ ಓದು, ಬರಹ, ಚೆಕ್‌ಸಮ್, ಪೀಳಿಗೆ ಎಲ್ಲವೂ ಏರಿದ್ದವು. ಆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ಇಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರ್ ಒಂದೂ ಇಲ್ಲ. 199ನೆಯ ಅಂಶ ಮಾತ್ರ ಬೆಳೆದಿದೆ. ಈ 199 ಎಂದರೆ ಡ್ರೈವ್ ಮತ್ತು ಬೋರ್ಡಿನ ನಡುವೆ ಕೇಬಲ್ಲಿನ ಮೇಲೆ ಹೋಗುವಾಗ ಕೆಟ್ಟ ಪೊಟ್ಟಣಗಳ ಎಣಿಕೆ. ಹಾಗೆ ಕೆಟ್ಟದ್ದನ್ನು ಹಿಡಿಯುವುದೂ ಪೀಟರ್‌ಸನ್ನರ ಅದೇ ಶೇಷದ ಲೆಕ್ಕ! ಪೆಟ್ಟಿಗೆಯ ಒಳಗೆ ಎರಡು ಗೇಣು ಉದ್ದದ ಕೇಬಲ್ಲಿಗೂ ಒಬ್ಬ ಕಾವಲುಗಾರನಿದ್ದಾನೆ ಎಂದು ತಿಳಿದಾಗ ಆದ ಸಂತೋಷ ದೊಡ್ಡದು. ಮುಚ್ಚಳ ತೆಗೆದು ನೋಡಿದರೆ ಸಾಟಾ ಕೇಬಲ್ಲಿನ ತಲೆ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಬೆರಳಿನಿಂದ ಮುಟ್ಟಿದರೆ ಅಲ್ಲಾಡುತ್ತಿತ್ತು.

ಇಷ್ಟರಿಂದ ಇಡೀ ಕಥೆಯನ್ನು ಹಿಂದಕ್ಕೆ ಓದಬಹುದು. ಕೇಬಲ್ ಸಡಿಲವಾಯಿತು. ಪೊಟ್ಟಣಗಳು ಕೆಟ್ಟವು, ಕೆಟ್ಟವೆಂದು ಗೊತ್ತಾಗಿ ಮತ್ತೆ ಮತ್ತೆ ಕಳಿಸಲ್ಪಟ್ಟವು. ಕೊನೆಗೊಮ್ಮೆ ಮೊದಲ ಡ್ರೈವ್ ಸ್ವಲ್ಪ ಹೊತ್ತು ಮಾಯವಾಯಿತು. ಆ ಹೊತ್ತಿನಲ್ಲಿ ಬಂದ ಕಡತಗಳು ಎರಡನೆಯದಕ್ಕೆ ಮಾತ್ರ ಸೇರಿದವು. ಆಮೇಲೆ ಸರ್ವರ್ ಮತ್ತೆ ಶುರುವಾದಾಗ ಮೊದಲ ಡ್ರೈವ್ ಏನೂ ಆಗಿಲ್ಲವೆಂಬಂತೆ ಬಂದು ಸೇರಿಕೊಂಡಿತು, ತಾನಿಲ್ಲದಾಗ ನಡೆದದ್ದರ ಅರಿವಿಲ್ಲದೆ. ಹೊಸ ಚಿತ್ರಗಳಿರಬೇಕಾದ ಜಾಗದಲ್ಲಿ ಅದರ ಬಳಿ ಇದ್ದದ್ದು ಹಿಂದೆಂದೋ ಬರೆದದ್ದು. ಪೀಳಿಗೆಯ ಸಂಖ್ಯೆ ಹಿಂದುಳಿದದ್ದು ಅದಕ್ಕೇ. ಅದು ಕೆಟ್ಟ ದತ್ತಾಂಶವಲ್ಲ, ಕಾಲ ಮೀರಿದ ನಿಜ. ಒಳಗೆ ಯಾವ ಅಕ್ಷರವೂ ಮಸುಕಾಗಿರಲಿಲ್ಲ. ಇಂಥದ್ದನ್ನು ಬರಿಗಣ್ಣಿನಿಂದ ಪತ್ತೆ ಮಾಡುವುದು ಸವೆದ ಶಾಸನ ಓದುವುದಕ್ಕಿಂತ ಕಷ್ಟ. ಸವೆದದ್ದು ಸವೆದಂತೆ ಕಾಣುತ್ತದೆ, ಹಳೆಯದು ಸರಿಯಾದದ್ದರಂತೆಯೇ ಕಾಣುತ್ತದೆ. ಬೇರೆಡೆ ಇಟ್ಟ 4 ಬೈಟಿನ ಶೇಷ ಮಾತ್ರ ಮೋಸ ಹೋಗಲಿಲ್ಲ.

ಕೇಬಲ್ ಬದಲಾಯಿಸಿದೆ, ಫ್ಯಾನಿನ ರೆಕ್ಕೆಗಳಿಗೆ ಅಂಟಿದ್ದ ದೂಳು ಒರೆಸಿದೆ, ಎರಡನೆಯ ಡ್ರೈವಿನಲ್ಲಿದ್ದದ್ದನ್ನು ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿಕೊಂಡೆ. ಆಮೇಲೆ ಸ್ಕ್ರಬ್. ಮಾಮೂಲು ಓದಿನಲ್ಲಿ ಫೈಲ್ ಸಿಸ್ಟಂ ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ ನೋಡುತ್ತದೆ. ಅದು ಸರಿಯಿದ್ದರೆ ಇನ್ನೊಂದರ ಯೋಗಕ್ಷೇಮ ವಿಚಾರಿಸುವುದಿಲ್ಲ. ಕೇಳದೆ ಬಿಟ್ಟ ಪ್ರತಿ ವರ್ಷಗಟ್ಟಲೆ ತಪ್ಪಾಗಿಯೇ ಇರಬಹುದು. ಸ್ಕ್ರಬ್ ಎರಡನ್ನೂ ಓದುತ್ತದೆ, ತುಂಡು ತುಂಡಾಗಿ, ಶೇಷ ತಾಳೆ ನೋಡುತ್ತ. ತಪ್ಪಿದ ಕಡೆ ಸರಿಯಾದ ಪ್ರತಿಯನ್ನು ಇನ್ನೊಂದು ಡ್ರೈವಿನಿಂದ ತಂದು, ಅದನ್ನೂ ತಾಳೆ ನೋಡಿ, ತಪ್ಪಿದ್ದರ ಮೇಲೆ ಬರೆಯುತ್ತದೆ. ‘ಸರಿಪಡಿಸಿದ್ದು’ ಎಂಬ ಎಣಿಕೆ ಏರುತ್ತ, ‘ಸರಿಪಡಿಸಲಾಗದ್ದು’ ಎಂಬುದು ಸೊನ್ನೆಯಲ್ಲೇ ನಿಂತಿರುವುದನ್ನು ನೋಡುತ್ತ ಕೂರುವುದು ನನಗೆ ಒಳ್ಳೆಯ ಸಂಗೀತ ಕೇಳಿದಷ್ಟೇ ಹಿತ. ಬಳೆಗಾರ ಗುಂಡಿನ ಒಂದೊಂದು ಸವೆದ ಅಕ್ಷರವನ್ನೂ ಅಕ್ಷರಗುಂಡಿನಿಂದ ತುಂಬಿದ ವಿದ್ವಾಂಸರ ದುಡಿಮೆಯನ್ನು ಹತ್ತಿರದಿಂದ ನೋಡಲು ಸಿಕ್ಕಿದ್ದರೆ ಹೀಗೇ ಅನಿಸುತ್ತಿತ್ತೇನೋ.

ಒಂದು ಮೂಲೆ ಮಾತ್ರ ಈ ಕಾವಲಿನಿಂದ ಹೊರಗಿರುತ್ತದೆ. ಅದನ್ನು ತಿಳಿದವರು ಕಡಿಮೆ. ವರ್ಚುವಲ್ ಮೆಷಿನ್ನಿನ ಡಿಸ್ಕ್ ಕಡತಗಳಂಥ, ಸದಾ ಅಲ್ಲಲ್ಲೇ ತಿದ್ದಿ ಬರೆಯುವ ಕಡತಗಳಿಗೆ ವೇಗಕ್ಕಾಗಿ ‘ನೋಕೌ’ ಎಂಬ ಗುರುತು ಹಾಕುವ ರೂಢಿಯಿದೆ. ಆ ಗುರುತಿದ್ದ ಕಡತಕ್ಕೆ ಚೆಕ್‌ಸಮ್ ಇರುವುದಿಲ್ಲ. ಎರಡು ಪ್ರತಿಗಳಿರುತ್ತವೆ, ಯಾವುದು ಸರಿಯೆಂದು ಹೇಳುವವರಿಲ್ಲ. ಸ್ಕ್ರಬ್ ಎಲ್ಲ ಸರಿಯಾಯಿತೆಂದರೂ ಒಂದು ಡ್ರೈವ್ ಬಿಟ್ಟುಹೋಗಿ ಬಂದಿದ್ದರೆ ಇಂಥ ಕಡತಗಳನ್ನು ನಂಬಬಾರದು, ಬ್ಯಾಕಪ್ಪಿನಿಂದ ತಂದುಕೊಳ್ಳಬೇಕು. ವೇಗ ಸ್ವಲ್ಪ ತಗ್ಗಿದರೆ ತಗ್ಗಲಿ, ನನ್ನ ಮನೆಯಲ್ಲಿ ಈಗ ಆ ಗುರುತಿನ ಕಡತ ಒಂದೂ ಇಲ್ಲ.

ಸರಿಪಡಿಸಲಾಗದ ತುಂಡುಗಳು ಸಿಕ್ಕವರೂ ಇರುತ್ತಾರೆ. ಅವರಿಗೂ ಲಾಗ್‌ನಲ್ಲಿ ಇನೋಡ್ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯಿಂದ ಕಡತದ ಪೂರ್ತಿ ಹೆಸರನ್ನು ತೆಗೆಯಲು ಒಂದು ಕಮಾಂಡ್ ಇದೆ. ನೂರಾರು ಗಂಟೆಯ ಮುದ್ರಣದಲ್ಲಿ ಯಾವ ಹಾಡಿನ ಯಾವ 21 ಮಿಲಿಸೆಕೆಂಡು ಹೋಯಿತೆಂದು ತಿಳಿಯುವುದು ಸಣ್ಣ ಸಂಗತಿಯಲ್ಲ. ಆ ಕಡತ ಒಂದನ್ನೇ ಬ್ಯಾಕಪ್ಪಿನಿಂದ ತಂದರೆ ಆಯಿತು, ಉಳಿದದ್ದಕ್ಕೆಲ್ಲ ಶೇಷವೇ ಸಾಕ್ಷಿ.

ಸ್ಕ್ರಬ್ ಮುಗಿದ ಮೇಲೆ ಐದು ಎಣಿಕೆಗಳನ್ನೂ ಕೈಯಾರೆ ಸೊನ್ನೆಗೆ ಇಳಿಸಬೇಕು, ತಾನಾಗಿ ಇಳಿಯುವುದಿಲ್ಲ. ಇಳಿಸಿದರೆ ಮಾತ್ರ ಮುಂದೆ ಬರುವ ಹೊಸ ತಪ್ಪು ಹಳೆಯದರ ನಡುವೆ ಅಡಗದೆ ಕಾಣುತ್ತದೆ. 199 ಮಾತ್ರ ಯಾರು ಹೇಳಿದರೂ ಹಿಂದಕ್ಕೆ ಬಾರದು. ಡ್ರೈವ್ ಬದುಕಿರುವವರೆಗೂ ಅದರ ಹಳೆಯ ಲೆಕ್ಕ ಅದರ ಮೇಲೇ ಇರುತ್ತದೆ. ಅದಕ್ಕೆ ಆ ದಿನದ ಅಂಕಿಯನ್ನೂ ತಾರೀಕನ್ನೂ ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೈಗೆ ಅಂಟಿಸಿದ್ದೇನೆ. ತಿಂಗಳಿಗೊಮ್ಮೆ ಸ್ಕ್ರಬ್ ನಡೆದಾಗ ಚೀಟಿಯ ಅಂಕಿಯನ್ನೂ ವರದಿಯ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಈವರೆಗೆ ಎರಡೂ ಒಂದೇ ಇವೆ.